ಉಶಿರೋ ಎಂದರೆ ಹಿಂದೆ

ಜೂನ್ ೪, ಮಂಗಳವಾರ

ಮೊದಲ ದಿನವೇ ಏಟು ತಿಂದೆ. ಅನ್ನ ತಿರುವುವ ಮರದ ಹುಟ್ಟಿನಿಂದ, ಎಡ ಭುಜದ ಮೇಲೆ. ಹುಟ್ಟು ಒದ್ದೆಯಾಗಿತ್ತು, ಅದಕ್ಕೇ ನೋವಿಗಿಂತ ಸದ್ದು ಜೋರಾಗಿತ್ತು. ಬಿಳಿ ಕೋಟಿನ ಮೇಲೆ ಅನ್ನದ ಅಗುಳು ಅಂಟಿಕೊಂಡವು. ನಾನು "ಸಾರಿ ಸರ್" ಎಂದೆ. ಹೊಡೆದವರಿಗೇ ಸಾರಿ ಹೇಳುವುದು ಒಂದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವರಿಗೆ ಗುಡ್ ಮಾರ್ನಿಂಗ್ ಇದ್ದ ಹಾಗೆ.

ಹೋಟೆಲ್ ಮ್ಯಾನೇಜ್‌ಮೆಂಟ್ ಮೊದಲ ವರ್ಷದಿಂದ ಇಬ್ಬರನ್ನು ಇಲ್ಲಿಗೆ ಟ್ರೈನಿಂಗಿಗೆ ಕಳಿಸಿದ್ದಾರೆ: ನಾನು ಮತ್ತು ಗಂಟೆ. ಅವಳ ಗಂಟಲು ಕ್ಯಾಂಪಸ್ಸಿನ ಆ ತುದಿಗೂ ಕೇಳಿಸುತ್ತದೆ, ಅದಕ್ಕೆ ಆ ಹೆಸರು. ಕಡಲಿಗೆ ಮುಖ ಮಾಡಿದ ದೊಡ್ಡ ಹೋಟೆಲು, ಅದರ ಮೇಲಿನ ಮಹಡಿಯಲ್ಲಿ ಜಪಾನಿ ರೆಸ್ಟೋರೆಂಟು. ಉದ್ದ ಮರದ ಕೌಂಟರು. ಅದರ ಒಂದು ಬದಿಗೆ ತಿಂಗಳುಗಟ್ಟಲೆ ಕಾದು ಸೀಟು ಹಿಡಿದ ಗೆಸ್ಟುಗಳು, ಇನ್ನೊಂದು ಬದಿಗೆ ನಮ್ಮ ಮುಖ್ಯ ಬಾಣಸಿಗ. ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಾರೆ. ಜಪಾನಿನವರಲ್ಲ, ನಮ್ಮವರೇ, ಅಲ್ಲಿ ಬಹಳ ವರ್ಷ ಕೆಲಸ ಕಲಿತು ಬಂದವರು.

ಕೌಂಟರಿನ ಹಿಂದಿನ ಅಡುಗೆಮನೆ ರೈಲಿನ ಬೋಗಿಯಷ್ಟು ಇಕ್ಕಟ್ಟು. ಒಬ್ಬರ ಬೆನ್ನ ಹಿಂದೆ ಹಾದುಹೋಗುವಾಗ ಒಂದು ಪದ ಕೂಗಬೇಕು ಎಂದು ಯಜಮಾನರು ಬೆಳಿಗ್ಗೆ ಹೇಳಿದರು. ನನಗೆ ಕೇಳಿಸಿದ್ದು "ಉಸಿರು". ಓಹೋ, ಏನೋ ಮೈಂಡ್‌ಫುಲ್‌ನೆಸ್ ಇರಬೇಕು ಅಂದುಕೊಂಡೆ. ಬಿಸಿ ಸೂಪಿನ ಪಾತ್ರೆ ಹಿಡಿದು, ದೀರ್ಘವಾಗಿ ಉಸಿರೆಳೆದುಕೊಂಡು, ಶಾಂತಚಿತ್ತಳಾಗಿ ಅವರ ಹಿಂದೆ ಹೊರಟೆ. ಅವರು ಹಿಂದಕ್ಕೆ ಹೆಜ್ಜೆ ಇಟ್ಟರು. ಸೂಪು ಅವರ ಬೆನ್ನಿಗೆ, ಹುಟ್ಟು ನನ್ನ ಭುಜಕ್ಕೆ.

ನಮ್ಮಿಬ್ಬರಿಗೆ ಕೊಟ್ಟ ಸ್ಟಾಫ್ ರೂಮಿಗೆ ಬಂದ ಮೇಲೆ ಗಂಟೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಉಸಿರು ಎಳ್ಕೊಳ್ಳೋದಲ್ಲ ಕಣೇ, ಉಸುರೋದು! ಉಶಿರೋ ಅಂದ್ರೆ ಅವರ ಭಾಷೇಲಿ ಹಿಂದೆ ಅಂತ. ನಿನ್ನ ಹಿಂದೆ ನಾನಿದ್ದೀನಿ, ಅಲ್ಲಾಡಬೇಡ ಅಂತ."

ನಗುತ್ತಲೇ ನನ್ನ ಭುಜಕ್ಕೆ ಮುಲಾಮು ಹಚ್ಚಿದಳು.

ಜೂನ್ ೯, ಭಾನುವಾರ

ಪದ ಗೊತ್ತಾಯಿತು, ಧ್ವನಿ ಬರುತ್ತಿಲ್ಲ. ಬಾಯಿಂದ ಹೊರಡುವಷ್ಟರಲ್ಲಿ ಉಶಿರೋ ನಿಜಕ್ಕೂ ಬರೀ ಉಸಿರಾಗಿಬಿಡುತ್ತದೆ. ಲೈಟ್ ಆರಿಸಿದ ಮೇಲೆ ಮಾತಾಡಿದರೆ ವಾರ್ಡನ್ ಸ್ಕೇಲಿನಿಂದ ಬಾರಿಸುತ್ತಿದ್ದರು. ಹಾಗಾಗಿ ನನ್ನ ಧ್ವನಿ ಪಕ್ಕದ ಮಂಚದವರೆಗೆ ಮಾತ್ರ ಹೋಗುವಂತೆ ಬೆಳೆದಿದೆ. ಇಲ್ಲಿ ನನಗೆ ಪಿಸು ಎಂದು ಹೆಸರಿಟ್ಟಾಗಿದೆ.

ಇವತ್ತು ಯಜಮಾನರು ತಟ್ಟನೆ ತಿರುಗಿದರು. "ಯಾರೇ ಅದು, ದೆವ್ವದ ಥರ ಸುಳಿದಾಡೋಳು?"

"ಹೇಳಿದೆ ಸರ್."

"ಯಾರಿಗೆ ಹೇಳ್ದೆ? ನಿನ್ನ ಕಾಲರ್‌ಗಾ? ಬಾಯಲ್ಲಿ ಅನ್ನ ಇಟ್ಕೊಂಡಿದ್ದೀಯಾ?"

ಒಲೆಯ ಮೇಲಿದ್ದ ಮುಚ್ಚಳ ತೆಗೆದು ನನ್ನ ಮುಂಗೈಗೆ ಒತ್ತಿದರು. ಚರ್ಮ ಅಂಟಿಕೊಂಡು ಬಿಟ್ಟ ಸದ್ದು ಕೇಳಿಸಿತು. ಎರಡನೆಯ ಸಲ ಒತ್ತುವ ಮೊದಲು ಆ ಕಡೆ ಸಿಂಕಿನ ಹತ್ತಿರದಿಂದ ಗಂಟೆ ಕೂಗಿದಳು: "ಹೇಳಿದ್ಲು ಸರ್! ನನಗೆ ಕೇಳಿಸ್ತು!"

"ಅಷ್ಟು ದೂರಕ್ಕಾ?"

"ಅವಳು ಎಷ್ಟು ಮೆಲ್ಲಗೆ ಹೇಳಿದ್ರೂ ನನಗೆ ಕೇಳಿಸುತ್ತೆ ಸರ್. ರೂಮ್‌ಮೇಟ್ ಅಲ್ವಾ."

"ಓ ಹೌದಾ? ಹಾಗಾದ್ರೆ ಇದೂ ಕೇಳಿಸ್ಲಿ" ಎಂದು ಹೋಗಿ ಅವಳ ಕಿವಿಯ ಮೇಲೇ ಬಾರಿಸಿದರು. ಅವಳು ಸಿಂಕಿನ ಅಂಚಿಗೆ ಹೋಗಿ ಬಿದ್ದಳು. ತುಟಿ ಒಡೆಯಿತು.

ಆಮೇಲೆ ಕೇಳಿದರೆ, "ಕಿವಿಯೊಳಗೆ ಪ್ರೆಷರ್ ಕುಕ್ಕರ್ ಕೂಗ್ತಾ ಇದೆ" ಎಂದು ನಕ್ಕಳು. ನಗುವಾಗ ಹಲ್ಲು ಕೆಂಪಗಿತ್ತು. ನನಗೋಸ್ಕರ ಏಟು ತಿಂದವರು ಇದುವರೆಗೆ ಯಾರೂ ಇರಲಿಲ್ಲ. ಅವಳಿಗೂ ಸಾರಿ ಎಂದೆ.

ಜೂನ್ ೧೫, ಶನಿವಾರ

ಇಬ್ಬರಲ್ಲಿ ಒಬ್ಬರನ್ನೇ ಇಟ್ಟುಕೊಳ್ಳುತ್ತಾರಂತೆ. ಆಗಸ್ಟಿನಲ್ಲಿ ಯಜಮಾನರು ಆರಿಸುತ್ತಾರೆ. ಆಯ್ಕೆಯಾದವಳಿಗೆ ಅವರ ಪಕ್ಕದಲ್ಲಿ ಕೌಂಟರು, ಹೋಟೆಲಿನಲ್ಲೇ ಕಾಯಂ ರೂಮು. ಇನ್ನೊಬ್ಬಳು ಫೇಲ್, ಮುಂದಿನ ಬ್ಯಾಚಿನ ಜೊತೆ ವರ್ಷ ಪೂರ್ತಿ ಮತ್ತೆ. ಅಲ್ಲಿಯವರೆಗೆ ಕಾಲೇಜ್ ಹಾಸ್ಟೆಲಿನಲ್ಲಿ ಜಾಗವಿಲ್ಲ, ಮನೆಗೆ ಹೋಗಬೇಕು.

ಮನೆಗೆ!

ಅಮ್ಮನಿಗೆ ಫೋನ್ ಮಾಡಿದೆ. "ಅಂಕಲ್ ತಾಯಿ ಬಂದಿದ್ದಾರೆ ಚಿನ್ನ, ರೂಮೇ ಇಲ್ಲ. ಇದೊಂದ್ಸಲ ಅಲ್ಲೇ ಹೇಗಾದ್ರೂ ಅಡ್ಜಸ್ಟ್ ಮಾಡ್ಕೊ" ಎಂದಳು. ಅಂಕಲ್ ಎಂದರೆ ಅವಳ ಗಂಡ. ಅಮ್ಮನ 'ಇದೊಂದ್ಸಲ' ನಾನು ಆರು ವರ್ಷದವಳಿದ್ದಾಗ ಶುರುವಾಗಿದ್ದು.

ಬರೆಯುತ್ತಾ ಉಗುರೆಲ್ಲ ಕಚ್ಚಿ ಮುಗಿಸಿದೆ.

ಜೂನ್ ೨೭, ಗುರುವಾರ

ಮೀನು ಕೊಲ್ಲುವುದನ್ನು ಕಲಿಸಿದರು.

ತೊಟ್ಟಿಯಲ್ಲಿ ಜೀವಂತ ಮೀನುಗಳಿವೆ. ಒಂದನ್ನು ಎತ್ತಿ ಹಲಗೆಯ ಮೇಲೆ ಮಲಗಿಸಿ, ಒದ್ದೆ ಬಟ್ಟೆಯಿಂದ ಕಣ್ಣು ಮುಚ್ಚಬೇಕು. ಕಣ್ಣು ಮುಚ್ಚಿದ ಕೂಡಲೇ ಅದು ಸುಮ್ಮನಾಗುತ್ತದೆ. ಆಗ ಕಣ್ಣಿನ ಸ್ವಲ್ಪ ಹಿಂದೆ, ಮೆದುಳಿರುವ ಕಡೆ, ಉಕ್ಕಿನ ಮೊಳೆಯನ್ನು ಇಳಿಸಬೇಕು. ರೆಕ್ಕೆಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ, ಬಾಯಿ ತೆರೆಯುತ್ತದೆ, ಮುಗಿಯಿತು.

"ಅದಕ್ಕೆ ಗೊತ್ತಾಗಬಾರದು," ಎಂದರು ಯಜಮಾನರು. ಮೀನಿನ ಜೊತೆಗಿರುವಾಗ ಅವರ ಧ್ವನಿ ಮಗುವನ್ನು ಮಲಗಿಸುವವರ ಧ್ವನಿ. "ಹೆದರಿ ಸತ್ತ ಮೀನು ಹುಳಿಯಾಗುತ್ತೆ. ಒದ್ದಾಡಿದ್ರೆ ಮಾಂಸ ಕೆಡುತ್ತೆ. ಗೊತ್ತಾಗೋ ಮುಂಚೆ ಮುಗಿಸ್ಬೇಕು. ಅದೇ ಮರ್ಯಾದೆ."

ನಾನು ಇಳಿಸಿದ ಮೊಳೆ ಜಾರಿತು. ಕಣ್ಣು ಕಿತ್ತು ಬಂತು. ಮೀನು ಹಲಗೆಯಿಂದ ಹಾರಿ ನೆಲದ ಮೇಲೆ ಬಡಿದುಕೊಳ್ಳತೊಡಗಿತು. ನಾನು ಅಳುತ್ತಾ ಅದರ ಹಿಂದೆ ತೆವಳಿದೆ. ಯಜಮಾನರು ನನ್ನ ಕೂದಲು ಹಿಡಿದು ಮುಖವನ್ನು ತೊಟ್ಟಿಯ ನೀರಿಗೆ ಅದ್ದಿದರು. "ನೋಡು, ಹೆದರಿಕೆ ಅಂದ್ರೆ ಹೇಗಿರುತ್ತೆ ನೋಡು." ನೀರೊಳಗೆ ಉಳಿದ ಮೀನುಗಳು ನನ್ನ ಕೆನ್ನೆಗೆ ತಾಗಿದವು. ನನ್ನ ಮಾಂಸವೆಲ್ಲ ಹುಳಿಯಾಗಿರಬೇಕು ಎಂದು ಆಗ ಅನಿಸಿದ್ದು ನೆನಪಿದೆ.

ಎರಡನೆಯ ಮೀನು ಸರಿಯಾಗಿ ಸತ್ತಿತು.

ಗಂಟೆ ಕೊಲ್ಲಲಿಲ್ಲ. "ನನಗಾಗಲ್ಲ ಸರ್, ಕತ್ತರಿಸೋದು ಕೊಡಿ" ಎಂದಳು. ಅದಕ್ಕೂ ಏಟು ತಿಂದಳು. ಆದರೂ ಕೊಲ್ಲಲಿಲ್ಲ.

ಜುಲೈ ೩, ಬುಧವಾರ

ಮೂರು ಮೀನು. ಒಂದರಲ್ಲೂ ಮೊಳೆ ಜಾರಲಿಲ್ಲ.

ಜುಲೈ ೧೧, ಗುರುವಾರ

ಕೌಂಟರಿನ ಹಿಂದೆ ನಿಲ್ಲಿಸಿದರು, ತಟ್ಟೆ ದಾಟಿಸಲು. ಎದುರಿಗೆ ಹನಿಮೂನಿಗೆ ಬಂದ ಒಂದು ಜೋಡಿ, ಒಬ್ಬ ವಜ್ರದ ವ್ಯಾಪಾರಿ, ಅವನ ಇಬ್ಬರು ಅಕ್ಕಂದಿರು. ಗೆಸ್ಟುಗಳಿಗೆ ನಾವು ಸೊಂಟದಿಂದ ಮೇಲೆ ಮಾತ್ರ ಕಾಣುತ್ತೇವೆ. ಮೇಲೆ ಯಜಮಾನರ ನಗು, ಬಾಗುವಿಕೆ, ಚಿಟ್ಟೆಯನ್ನು ಎತ್ತಿಕೊಟ್ಟಂತೆ ಸುಶಿ. ಕೆಳಗೆ ಮರದ ಅಟ್ಟೆಯ ಪಾದರಕ್ಷೆಯಿಂದ ನನ್ನ ಮೊಣಕಾಲ ಮೂಳೆಗೆ ಒದೆ. ತಟ್ಟೆ ತಡವಾದರೆ ಒಂದು, ತಿರುಗಿಸಿ ಇಟ್ಟರೆ ಇನ್ನೊಂದು. ನಗು ಮಾತ್ರ ಕದಲುವುದಿಲ್ಲ. "ಎಷ್ಟು ಪ್ರಶಾಂತವಾಗಿದೆ ಇಲ್ಲಿ!" ಎಂದಳು ಮದುಮಗಳು.

ಈಗ ನನ್ನ ಧ್ವನಿ ಬಂದಿದೆ. ನೋವಾದಾಗ ಗಂಟಲು ತಾನಾಗಿ ತೆರೆದುಕೊಳ್ಳುತ್ತದೆ ಎಂಬುದು ಗುಟ್ಟು. ಇವತ್ತು ನಾನು ಉಶಿರೋ ಎಂದ ಹೊಡೆತಕ್ಕೆ ವೇಟರ್ ಟ್ರೇ ಬಿಟ್ಟ. ಅನ್ನ ಬೇಯಿಸುವ ಅನ್ನದಣ್ಣ ಕಿವಿ ಮುಚ್ಚಿಕೊಂಡ: "ಏನಮ್ಮಾ ಪಿಸು, ಇನ್ಮೇಲೆ ನಿನ್ನನ್ನೇ ಗಂಟೆ ಅನ್ಬೇಕಾ?"

ಇನ್ನೊಂದು. ಗಂಟೆ ತಟ್ಟೆ ಒರೆಸುವುದು ನಿಧಾನ ಮಾಡಿದಳು, ನನ್ನ ಕಾಲು ತಾನಾಗೇ ಹೋಗಿ ಅವಳ ಕಾಲಿಗೆ ಬಿತ್ತು. ಅವಳು ನನ್ನತ್ತ ನೋಡಿದಳು. ಯಜಮಾನರೂ ನೋಡಿದರು, ಅವರ ಮುಖದಲ್ಲಿ ಮೊದಲ ಬಾರಿಗೆ ಮೆಚ್ಚುಗೆ ಕಂಡಿತು. ಏಟೇನೂ ಜೋರಾಗಿರಲಿಲ್ಲ.

ಜುಲೈ ೨೦, ಶನಿವಾರ

ಅನ್ನದಣ್ಣನ ಅನ್ನ ಸ್ವಲ್ಪ ಮೆತ್ತಗಾಗಿತ್ತು. ಯಜಮಾನರು ಕಲ್ಲಿನ ಬಟ್ಟಲನ್ನು ಅವನ ಹಣೆಗೆ ಒಗೆದರು. ಹುಬ್ಬು ಸೀಳಿತು. ಅವನು ಅನ್ನದ ಮರದ ತೊಟ್ಟಿಗೆ ರಕ್ತ ಬೀಳಬಾರದೆಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಹಿಂದೆ ಸರಿದು ಸರಿದು ಗೋಡೆಗೆ ಒರಗಿದ. ಬೆರಳ ಸಂದಿಯಿಂದ ಸುರಿಯುತ್ತಿತ್ತು. ಗಂಟೆ ಅವನನ್ನು ತಬ್ಬಿಕೊಂಡು ಕೂತಳು. ನಾನು ನೆಲ ಒರೆಸಿದೆ. ರಕ್ತಕ್ಕೆ ತಣ್ಣೀರೇ ಆಗಬೇಕು, ಬಿಸಿನೀರು ಹಾಕಿದರೆ ಕಚ್ಚಿಕೊಳ್ಳುತ್ತದೆ. ಹಾಸ್ಟೆಲ್ ಹುಡುಗಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒರೆಸಿ, ಕೈ ತೊಳೆದು, ಹೊರಗೆ ತಟ್ಟೆ ಕೊಟ್ಟೆ. ಒಂದು ನಿಮಿಷವೂ ತಡವಾಗಲಿಲ್ಲ.

ರಾತ್ರಿ ರೂಮಿನಲ್ಲಿ ಗಂಟೆ ನನ್ನನ್ನು ಹಿಡಿದುಕೊಂಡಳು. "ಸಾಕು. ಇಬ್ರೂ ಹೋಗೋಣ. ಕಂಪ್ಲೇಂಟ್ ಕೊಡೋಣ."

"ಹೋಗಿ?"

"ನಮ್ಮನೇಲಿರು. ಅಪ್ಪನ ಟೈಲರ್ ಅಂಗಡಿ ಮೇಲಿನ ರೂಮು ಖಾಲಿ ಇದೆ. ಅಮ್ಮ ಇನ್ನೊಂದು ತಟ್ಟೆ ಹಾಕ್ತಾಳೆ, ಅಷ್ಟೇ ತಾನೆ?"

ಅಷ್ಟೇ ತಾನೆ! ಇನ್ನೊಬ್ಬರ ಮನೆಯ ಎಕ್ಸ್‌ಟ್ರಾ ತಟ್ಟೆಯಾಗಿ ನಾನು ಎಷ್ಟು ರಜೆ ಕಳೆದಿದ್ದೇನೆ ಎಂದು ಅವಳಿಗೇನು ಗೊತ್ತು. ಮನೆ ಇರುವವರಿಗೆ ಧಾರಾಳತನ ಸುಲಭ. "ನೀನು ಬೇಕಾದ್ರೆ ಹೋಗು" ಎಂದೆ.

"ನಿನ್ನ ಬಿಟ್ಟು ಹೋಗಲ್ವೇ ಕೋತಿ."

ಹೋಗಿದ್ದರೆ ಒಳ್ಳೆಯದಿತ್ತು. ಅಂದರೆ, ಅವಳಿಗೆ.

ಆಗಸ್ಟ್ ೨, ಶುಕ್ರವಾರ

ಗಂಟೆಯನ್ನು ಆರಿಸಿದರು.

ಎಲ್ಲರೆದುರಿಗೆ, ತೊಟ್ಟಿಯ ಪಕ್ಕದಲ್ಲಿ ನಿಲ್ಲಿಸಿ ಹೇಳಿದರು: "ಗೆಸ್ಟುಗಳಿಗೆ ಇವಳ ನಗು ಇಷ್ಟ. ಭಾನುವಾರದಿಂದ ಇವಳು ನನ್ನ ಪಕ್ಕ. ಪಿಸು, ಸೋಮವಾರ ನೀನು ಹೊರಡು."

"ಮೀನು ಯಾರು ಕೊಲ್ತಾರೆ ಸರ್?" ಎಂದೆ. ಧ್ವನಿ ಗಟ್ಟಿಯಾಗಿಯೇ ಇತ್ತು.

"ನಾನಿಲ್ವಾ? ನೀನು ಬರೋ ಮುಂಚೆ ಮೀನೇನು ತಾವಾಗೇ ಸಾಯ್ತಿದ್ವಾ?" ಎಲ್ಲರೂ ನಕ್ಕರು. ಗಂಟೆ ನಗಲಿಲ್ಲ. ನನ್ನ ಕೈ ಹಿಡಿದುಕೊಂಡು, "ನಾನು ಮಾತಾಡ್ತೀನಿ ಇರು, ನಾಳೆ ಮಾತಾಡ್ತೀನಿ" ಎಂದಳು. ಅವಳ ಅಂಗೈ ಬೆಚ್ಚಗಿತ್ತು. ನನ್ನದು ಹಲಗೆಯ ಹಾಗೆ ತಣ್ಣಗಿತ್ತು.

ಮೊದಲಾಗಿದ್ದರೆ ಪ್ಯಾನಿಕ್ ಆಗಿ ಬಾತ್‌ರೂಮಿನಲ್ಲಿ ಕೂತು ಅಳುತ್ತಿದ್ದೆ. ಈಗ ಹಾಗೇನೂ ಆಗುತ್ತಿಲ್ಲ. ತುಂಬ ಶಾಂತವಾಗಿದೆ.

ಆಗಸ್ಟ್ ೩, ಶನಿವಾರ

ಗಂಟೆಯ ಮೇಲೆ ಎಣ್ಣೆ ಬಿತ್ತು. ನಾನು ಉಶಿರೋ ಎಂದೆ.

ಆಗಸ್ಟ್ ೪, ಭಾನುವಾರ

ಸರಿಯಾಗಿ ಬರೆಯಬೇಕು, ಇಲ್ಲದಿದ್ದರೆ ಬೇರೆಯವರು ಹೇಳುವ ರೀತಿಯಲ್ಲೇ ನೆನಪಿನಲ್ಲಿ ಉಳಿಯುತ್ತದೆ.

ಟೆಂಪುರಾ ಕರಿಯುವ ಎಣ್ಣೆ ಕಪ್ಪಾಗಿತ್ತು. ಬದಲಾಯಿಸು ಎಂದರು ಯಜಮಾನರು. ಆರಿದ ಮೇಲೆ ಒಯ್ಯಬೇಕೆಂಬುದು ನಿಯಮ, ಆದರೆ ಅವರು "ಈಗಲೇ" ಎಂದಿದ್ದರು. ಹಿಡಿಗಳಿಗೆ ಬಟ್ಟೆ ಸುತ್ತಿ ಎತ್ತಿದೆ. ಹೊಗೆ ಬರುತ್ತಿತ್ತು. ಓಣಿಯ ನಡುವೆ ಗಂಟೆ ನನಗೆ ಬೆನ್ನು ಮಾಡಿ ಕೆಳಗಿನ ಫ್ರಿಜ್ಜಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಏನೋ ಗುನುಗುತ್ತಿದ್ದಳು. ಕುತ್ತಿಗೆಯ ಮೇಲೆ ಕೂದಲು ಎತ್ತಿ ಕಟ್ಟಿದ್ದಳು. ಫ್ರಿಜ್ಜಿನ ಬಾಗಿಲು ಮುಚ್ಚಿದಳು. ಬಾಗಿಲು ಮುಚ್ಚಿದವರು ಎದ್ದೇ ಏಳುತ್ತಾರೆ, ಅದು ಎಲ್ಲರಿಗೂ ಗೊತ್ತಿರುವ ವಿಷಯ.

ನಾನು ಉಶಿರೋ ಎಂದೆ. ಮೆಲ್ಲಗೆ ಎಂದಿರಬಹುದು.

ಎದ್ದಳು. ತಲೆ ಪಾತ್ರೆಯ ತಳಕ್ಕೆ ಬಡಿಯಿತು. ಎಣ್ಣೆ ಅವಳ ಬಲಗಡೆಗೆ ಮಗುಚಿತು: ಕುತ್ತಿಗೆ, ಭುಜ, ತೋಳು, ಅಂಗೈ. ಮೊದಲು ಯಾವ ಸದ್ದೂ ಇರಲಿಲ್ಲ. ಅವಳ ಬಾಯಿ ತೆರೆದುಕೊಂಡಿತು, ಬೆರಳುಗಳು ಬೀಸಣಿಗೆಯಂತೆ ಬಿಚ್ಚಿಕೊಂಡವು. ಆಮೇಲೆ ಕಿರುಚಿದಳು. ಕೋಟಿನ ತೋಳು ಮೈಗೆ ಕರಗಿ ಹಿಡಿದುಕೊಂಡಿತ್ತು. ಅನ್ನದಣ್ಣ ಅದನ್ನು ಎಳೆಯಲು ಹೋದ, ಬಟ್ಟೆಯ ಜೊತೆ ಚರ್ಮವೂ ಬಂತು. "ಎಳೀಬೇಡಿ, ಎಳೀಬೇಡಿ ಅಣ್ಣಾ" ಎಂದು ಅವಳೇ ಕೂಗುತ್ತಿದ್ದಳು. ನಾನು ಅವಳನ್ನು ತೊಟ್ಟಿಯವರೆಗೆ ಎಳೆದೊಯ್ದು ನೀರಿಗೆ ಅದ್ದಿದೆ. ಮೀನುಗಳು ಮೂಲೆಗೆ ಓಡಿದವು.

ಹೊರಗೆ ಗೆಸ್ಟುಗಳು ಕೇಳಿದ್ದಕ್ಕೆ ಯಜಮಾನರು ತಲೆಬಾಗಿ, ಪಾತ್ರೆ ಬಿತ್ತು, ಕ್ಷಮಿಸಿ ಎಂದರಂತೆ. ಗೆಸ್ಟುಗಳು ತಿಂದು ಮುಗಿಸಿದರು.

ನನ್ನ ಮಣಿಕಟ್ಟಿಗೂ ಹನಿ ಸಿಡಿದಿದೆ. ಯಾರೂ ಕೇಳಲಿಲ್ಲ.

ಆಗಸ್ಟ್ ೬, ಮಂಗಳವಾರ

ಸೋಮವಾರ ಯಾರೂ ನನಗೆ ಹೊರಡು ಎನ್ನಲಿಲ್ಲ.

ಇವತ್ತು ಹೋಟೆಲ್ ಮ್ಯಾನೇಜರ್ ಎಲ್ಲರನ್ನೂ ಕೂರಿಸಿ ವಿಚಾರಿಸಿದರು. "ಕೂಗಿದೆಯಾ?"

"ಕೂಗಿದೆ ಸರ್."

"ಯಾರಿಗೂ ಕೇಳಿಸಿಲ್ವಲ್ಲ?"

ಯಜಮಾನರು ನಡುವೆ ಬಾಯಿ ಹಾಕಿದರು: "ಅವಳ ಧ್ವನಿ ಮೊದಲಿಂದಲೂ ಸಣ್ಣದು. ಪಿಸು ಅಂತಲೇ ಕರೀತೀವಿ. ಬೇಕಾದ್ರೆ ಕೇಳಿ."

ಮ್ಯಾನೇಜರ್ ಅನ್ನದಣ್ಣನ ಕಡೆ ತಿರುಗಿದರು. ಅವನು ಹುಬ್ಬಿನ ಹೊಲಿಗೆ ಗುರುತು ಮುಟ್ಟಿಕೊಂಡು ನನ್ನನ್ನೇ ನೋಡುತ್ತಾ ಕೂತ. "ಹೌದು, ಪಿಸು ಅಂತಲೇ ಕರೀತೀವಿ" ಎಂದ. ಅಷ್ಟೇ ಹೇಳಿದ.

ಆಸ್ಪತ್ರೆಯಲ್ಲಿ ಗಂಟೆಯನ್ನೂ ಕೇಳಿದರಂತೆ. "ಅವಳು ಹೇಳಿದ್ಲು. ನನಗೇ ಕೇಳಿಸಲಿಲ್ಲ" ಎಂದಳಂತೆ. ಬಲಗೈ ಬೆರಳು ಮಡಚಲು ಬರುವುದಿಲ್ಲವಂತೆ. ವಿಚಾರಣೆ ಮುಗಿಯಿತು.

ಎದ್ದು ಹೊರಡುವಾಗ ಯಜಮಾನರು ನನ್ನ ಪಕ್ಕ ನಿಂತು, ಆ ಮಗು ಮಲಗಿಸುವ ಧ್ವನಿಯಲ್ಲಿ, "ಗೊತ್ತಾಗೋ ಮುಂಚೆ ಮುಗೀತು, ಅಲ್ವಾ?" ಎಂದರು. ಯಾವುದರ ಬಗ್ಗೆ ಹೇಳಿದರೋ ತಿಳಿಯಲಿಲ್ಲ. ಹೌದು ಸರ್ ಎಂದೆ.

ನನ್ನ ಬಾಯಿ ತೆರೆದಿತ್ತು ಎನ್ನುವುದು ಮಾತ್ರ ಖಂಡಿತ. ಎಣ್ಣೆಯ ಹೊಗೆ ನಾಲಿಗೆಗೆ ತಾಗಿದ್ದು ಇನ್ನೂ ನೆನಪಿದೆ.

ಆಗಸ್ಟ್ ೧೧, ಭಾನುವಾರ

ಕೌಂಟರು. ಯಜಮಾನರ ಬಲಕ್ಕೆ ನಾನು. ಗೆಸ್ಟುಗಳ ಎದುರಿಗೇ ಮೀನು ಕೊಂದೆ. ಮುತ್ತಿನ ಸರ ಹಾಕಿಕೊಂಡ ಒಬ್ಬ ಅಜ್ಜಿ, "ಅಯ್ಯೋ, ಪಾಪ ಅನಿಸಲ್ವೇನಮ್ಮಾ ನಿನಗೆ?" ಎಂದು ಕೇಳಿದರು. ನಗುತ್ತಾ, "ಅದಕ್ಕೆ ಗೊತ್ತೇ ಆಗಲ್ಲ ಆಂಟಿ" ಎಂದೆ. ಎಲ್ಲರೂ ಮೆಚ್ಚಿದರು.

ಒದೆ ಒಂದೂ ಬೀಳಲಿಲ್ಲ. ಹೊಸ ವೇಟರ್ ಎರಡು ಸಲ ತಡ ಮಾಡಿದ. ಅವನ ಕಾಲಲ್ಲಿ ತೆಳು ಶೂ.

ಅಮ್ಮನಿಗೆ ಕೆಲಸ ಸಿಕ್ಕಿತೆಂದು ಮೆಸೇಜ್ ಮಾಡಿದೆ. ಮೂರು ಹೃದಯ ಕಳಿಸಿದಳು.

ಆಗಸ್ಟ್ ೧೭, ಶನಿವಾರ

ಗಂಟೆ ತನ್ನ ಸಾಮಾನು ತೆಗೆದುಕೊಂಡು ಹೋಗಲು ಬಂದಳು. ಅವಳಪ್ಪ ಕೆಳಗೆ ಆಟೋದಲ್ಲಿದ್ದರು. ಕುತ್ತಿಗೆಯಿಂದ ಬೆರಳ ತುದಿಯವರೆಗೆ ಬ್ಯಾಂಡೇಜು. ಎಡಗೈಯಲ್ಲೇ ಬಟ್ಟೆ ಮಡಚಲು ಒದ್ದಾಡುತ್ತಿದ್ದಳು. ಅವಳು ಮಾತಾಡದಿದ್ದಾಗ ರೂಮು ಎಷ್ಟು ದೊಡ್ಡದು ಎಂದು ಮೊದಲ ಸಲ ಗೊತ್ತಾಯಿತು.

ಅವಳ ಹಿಂದಿನ ಕಪಾಟಿನಲ್ಲಿ ಮುಲಾಮಿನ ಡಬ್ಬಿ ಇತ್ತು, ಅವಳದೇ. ಕೊಡೋಣವೆಂದು ಅವಳ ಬೆನ್ನ ಹಿಂದೆ ಹಾದೆ. ಅಭ್ಯಾಸಬಲ, ತುಟಿಯಲ್ಲೇ ಉಶಿರೋ ಎಂದೆ. ನನಗೇ ಕೇಳಿಸದಷ್ಟು ಮೆಲ್ಲಗೆ.

ಅವಳ ಕೈ ನಿಂತಿತು. ತಿರುಗಲಿಲ್ಲ.

"ಕೇಳಿಸ್ತು," ಎಂದಳು.

ಎಡಗೈಯಲ್ಲಿ ಅಂಗಿಯೊಂದನ್ನು ಬ್ಯಾಗಿಗೆ ತುರುಕಿದಳು.

"ಎಷ್ಟು ಮೆಲ್ಲಗೆ ಹೇಳಿದ್ರೂ ನನಗೆ ಕೇಳಿಸುತ್ತೆ ಕಣೇ. ಮೊದಲಿಂದಲೂ."

ನಾನು ಡಬ್ಬಿಯನ್ನು ಅವಳ ಬ್ಯಾಗಿನ ಮೇಲಿಟ್ಟೆ. ಅವಳು ಅದನ್ನು ತೆಗೆದು ಮಂಚದ ಮೇಲಿಟ್ಟು ಜಿಪ್ ಎಳೆದಳು. ಬ್ಯಾಗು ನಾನೇ ಎತ್ತಿಕೊಂಡೆ. ಬಾಗಿಲ ಬಳಿ ಅವಳು ಪಕ್ಕಕ್ಕೆ ಸರಿದು ನನ್ನನ್ನು ಮುಂದೆ ಹೋಗಲು ಬಿಟ್ಟಳು.

ಸ್ಟಾಫ್ ಮೆಟ್ಟಿಲು ಕಡಿದು, ಕಿರಿದು. ನಾನು ಮುಂದೆ ಇಳಿಯುತ್ತಿದ್ದೆ, ಎರಡೂ ಕೈಯಲ್ಲಿ ಬ್ಯಾಗು. ಅವಳು ನನ್ನ ಬೆನ್ನಿಗೆ ಹತ್ತಿಕೊಂಡೇ ಬರುತ್ತಿದ್ದಳು. ಪ್ರತಿ ತಿರುವಿನಲ್ಲೂ ಅವಳು ಆ ಪದ ಹೇಳುತ್ತಾಳೆಂದು ಕಾದೆ. ನನ್ನ ಕುತ್ತಿಗೆ ತಣ್ಣಗಾಗಿತ್ತು. ತಿರುಗಿ ನೋಡಲು ಆಗಲಿಲ್ಲ.

ಕೆಳಗೆ ತಲುಪುವವರೆಗೂ ಅವಳು ಹೇಳಲಿಲ್ಲ. ಬರೀ ಉಸಿರು ಕೇಳಿಸುತ್ತಿತ್ತು.